ಅನ್ನದ ಮೂಲ

ನದೀಮೂಲವನ್ನೂ ಋಷಿಮೂಲವನ್ನೂ ಕೇಳಬಾರದೆಂದು ನಮ್ಮ ಹಿರಿಯರು ಒಂದು ಕಟ್ಟು ಮಾಡಿಟ್ಟರು. ಆ ಪಟ್ಟಿಗೆ ಅನ್ನದ ಮೂಲವನ್ನು ಅವರು ಸೇರಿಸಲಿಲ್ಲ. ಮರೆತು ಬಿಟ್ಟರೊ, ಅದನ್ನು ಮಾತ್ರ ಕೇಳಬಹುದೆಂದು ಬೇಕೆಂದೇ ಬಿಟ್ಟರೊ ನಾನರಿಯೆ. ಇಷ್ಟು ವರ್ಷ ಈ ಪ್ರಶ್ನೆ ನನ್ನನ್ನೂ ಕಾಡಿರಲಿಲ್ಲ. ಕಾಡುವಂತೆ ಮಾಡಿದ್ದು ಒಂದು ಸರ್ಕಾರಿ ಕಾಗದ.

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ತುಂಡು ಜಮೀನಿಗೆ ಪೌತಿ ಖಾತೆಯಾಗಬೇಕಾಗಿತ್ತು. ಅದಕ್ಕೆ ವಂಶವೃಕ್ಷ ಬೇಕು. ಹಿಂದೆ ಶಾನುಭೋಗರು ಕೂರುತ್ತಿದ್ದ ಕಡೆ ಈಗ ಗ್ರಾಮ ಆಡಳಿತಾಧಿಕಾರಿಗಳು ಕೂರುತ್ತಾರೆ. ಅವರು ಕೇಳುವುದು ಮಾತ್ರ ಹಳೆಯದನ್ನೇ. ಯಾರ ಮಗ ಯಾರು, ಇರುವವರು ಯಾರು, ಇಲ್ಲದವರು ಯಾರು. ಮನೆಯಲ್ಲಿ ನಾಲ್ಕಕ್ಷರ ಹೆಚ್ಚು ಕಲಿತವನೆಂಬ ಕಾರಣಕ್ಕೆ ಆ ಮರವನ್ನು ಬರೆದುಕೊಡುವ ಕೆಲಸ ನನಗೆ ಬಂತು. ಪಂಪ, ರನ್ನರ ಕಾಲದೇಶಗಳನ್ನು ಇಪ್ಪತ್ತು ವರ್ಷದಿಂದ ಹುಡುಗರಿಗೆ ಹೇಳಿಕೊಂಡು ಬಂದವನಿಗೆ ತನ್ನ ಮುತ್ತಾತನ ತಂದೆಯ ಹೆಸರು ಗೊತ್ತಿರಲಿಲ್ಲ. ಊರಿನ ವಯಸ್ಸಾದವರನ್ನು ಕೇಳಿ, ಹಳೆಯ ಪಹಣಿಗಳನ್ನು ತೆಗೆಸಿ, ಹೇಗೋ ನಾಲ್ಕು ತಲೆಮಾರನ್ನು ಕಾಗದದ ಮೇಲೆ ನಿಲ್ಲಿಸಿದೆ. ನಿಲ್ಲಿಸಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಹೆಸರುಗಳಿವೆ, ಹುಟ್ಟುಸಾವುಗಳಿವೆ, ಯಾರಿಗೆ ಎಷ್ಟು ಗುಂಟೆ ಎಂಬುದಿದೆ. ಇವರೆಲ್ಲ ಏನನ್ನು ಉಂಡು ಬದುಕಿದರು, ಆ ಊಟ ಎಲ್ಲಿಂದ ಬಂತು ಎಂಬುದಕ್ಕೆ ಜಾಗವೇ ಇಲ್ಲ. ಪ್ರಮಾಣಪತ್ರದಲ್ಲಿ ‘ಕಸುಬು’ ಎಂಬ ಒಂದು ಮನೆಯೇನೊ ಇದೆ. ಅದರಲ್ಲಿ ನಾಲ್ಕು ತಲೆಮಾರಿಗೂ ಒಂದೇ ಮಾತು: ವ್ಯವಸಾಯ.

ಆ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಮ್ಮದು ಪಾಂಡವಪುರದ ಕಡೆಯ ಒಂದು ಹಳ್ಳಿ. ಊರ ಮುಂದಿನ ಅರಳಿಕಟ್ಟೆಯ ಮೇಲೆ ನಿಂತರೆ ಬೇಬಿ ಬೆಟ್ಟ ಕಾಣುತ್ತದೆ. ಆದರೆ ನಾವು ಅಲ್ಲಿಯ ಮೂಲದವರಲ್ಲ. ಮುತ್ತಾತನ ಊರು ಕನ್ನಂಬಾಡಿ ಕಟ್ಟೆಯ ನೀರಿನಡಿಗೆ ಹೋದ ಹಳ್ಳಿಗಳಲ್ಲಿ ಒಂದು. 1911ರಲ್ಲಿ ಕೆಲಸ ಮೊದಲಾಗಿ ಎರಡು ದಶಕ ನಡೆದ ಆ ಕಟ್ಟಡದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾದ್ದಿಲ್ಲ. ಮಂಡ್ಯದ ಸೀಮೆಯ ಮಕ್ಕಳು ವಿಶ್ವೇಶ್ವರಯ್ಯನವರ ಹೆಸರನ್ನು ಅಆಇಈ ಜೊತೆಗೇ ಕಲಿಯುತ್ತಾರೆ. ಆ ಪಾಠದಲ್ಲಿ ಬರದ ಸಂಗತಿ ಒಂದಿದೆ. ಹೊಲ ಕಳೆದುಕೊಂಡ ಮುತ್ತಾತ ಹೊಟ್ಟೆಪಾಡಿಗೆ ಕೂಲಿಗೆ ಹೋದದ್ದು ಅದೇ ಕಟ್ಟೆಗೆ. ತನ್ನ ಹೊಲವನ್ನು ಮುಳುಗಿಸುವ ಗೋಡೆಗೆ ತಾನೇ ಕಲ್ಲು ಹೊತ್ತ. ಸಿಮೆಂಟಿಲ್ಲದೆ, ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿ ಎಬ್ಬಿಸಿದ ಗೋಡೆ ಅದು. ಆ ಕಲ್ಲು ಆಕಾಶದಿಂದ ಉದುರಲಿಲ್ಲ. ಬಂಡೆಗೆ ಕುಳಿ ತೋಡಿ, ಮದ್ದು ತುಂಬಿ, ಬತ್ತಿ ಹಚ್ಚಿ ಒಡೆದ ಕಲ್ಲು. ಅಜ್ಜಿ ಹೇಳುತ್ತಿದ್ದ ಪ್ರಕಾರ ಮುತ್ತಾತನ ಬಲಗಿವಿ ಮಂದವಾಗಿತ್ತು. ಎಡಗಡೆ ನಿಂತು ಮಾತನಾಡಿದರೆ ಮಾತ್ರ ಕೇಳುತ್ತಿತ್ತಂತೆ. ಮದ್ದಿನ ಸದ್ದಿಗೆ ಹೋದ ಕಿವಿಯೊ, ಹುಟ್ಟಿನಿಂದಲೇ ಹಾಗಿತ್ತೊ, ಈಗ ಹೇಳುವವರಿಲ್ಲ.

ತಾತನ ಕಾಲಕ್ಕೆ ನಾಲೆ ಬಂತು. ಆಗ ಇರ್ವಿನ್ ನಾಲೆ, ಆಮೇಲೆ ವಿಶ್ವೇಶ್ವರಯ್ಯ ನಾಲೆ. ಆ ನಾಲೆಯ ನೀರು ಮಂಡ್ಯದ ಬಯಲಿಗೆ ಇಳಿಯಬೇಕಾದರೆ ಹುಲಿಕೆರೆಯ ಬಳಿ ನೆಲದೊಳಗೆ ತೋಡಿದ ಸುರಂಗದಲ್ಲಿ ನುಗ್ಗಿ ಬರಬೇಕು. ಗದ್ದೆಗೆ ಮಡೆ ತಿರುಗಿಸುವ ರೈತನಿಗೆ ತನ್ನ ಕಾಲ ಬುಡದಲ್ಲಿ ಹರಿಯುವ ನೀರು ಒಂದು ಗಣಿಯೊಳಗಿನಿಂದ ಬಂದದ್ದೆಂಬ ನೆನಪಿರುವುದಿಲ್ಲ, ಇರಬೇಕಾದ್ದೂ ಇಲ್ಲ. ನೀರು ಬಂತು, ಬತ್ತ ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನಾಗಮಂಗಲದ ಒಣನೆಲದಲ್ಲಿ ಹೆಣ್ಣು ಹೆತ್ತವರು ‘ನಾಲೆ ಕಡೆ’ ಗಂಡು ಹುಡುಕಲು ಶುರುಮಾಡಿದ್ದು ಆಗಿನಿಂದಲೇ ಇರಬೇಕು. ನನ್ನ ಅಜ್ಜಿ ಹಾಗೆ ಬಂದವಳು. ಅನ್ನದ ಊರಿಗೆ ಬಂದೆನೆಂದು ಹಿಗ್ಗಿ ಬಂದವಳಿಗೆ ಸಾಯುವ ತನಕ ರಾಗಿಮುದ್ದೆ ಇಲ್ಲದೆ ಊಟ ಸೇರಲಿಲ್ಲ. ಹಬ್ಬದ ದಿನ ಅನ್ನ ಬಡಿಸಿಕೊಂಡು, “ಇದು ಬಾಯಿಗೆ, ಹೊಟ್ಟೆಗಲ್ಲ ಕಣಪ್ಪ” ಎನ್ನುತ್ತಿದ್ದಳು.

ತಾತ ಮಾಡಿದ್ದ ಜಮೀನು ಎರಡು ತರದ್ದು. ನಾಲೆಯ ಕೆಳಗೆ ಒಂದಿಷ್ಟು ತರಿ. ಬೆಟ್ಟದ ಮಗ್ಗುಲಲ್ಲಿ ಒಂದಿಷ್ಟು ಖುಷ್ಕಿ. ಮನೆ ಪಾಲಾದಾಗ ತರಿ ಅಪ್ಪನಿಗೆ ಬಂತು, ಖುಷ್ಕಿ ಚಿಕ್ಕಪ್ಪನಿಗೆ ಹೋಯಿತು. ಅಪ್ಪ ಹಿರಿಯರು, ತಂಗಿಯರ ಮದುವೆಯ ಸಾಲ ಹೊತ್ತವರು, ಆದ್ದರಿಂದ ಹೀಗಾದದ್ದು ನ್ಯಾಯವೆಂದು ಪಂಚಾಯಿತಿಯವರು ಹೇಳಿದರು. ಅಪ್ಪನೂ ಹಾಗೆಯೇ ನಂಬಿದ್ದರು. ಚಿಕ್ಕಪ್ಪ ಏನನ್ನು ನಂಬಿದ್ದರೊ ನಾವು ಯಾರೂ ಕೇಳಲಿಲ್ಲ. ಖುಷ್ಕಿಯಲ್ಲಿ ಹುರುಳಿ ಚೆಲ್ಲಿದರೆ ಮಳೆ ಬಂದ ವರ್ಷ ಬಂತು, ಬಾರದ ವರ್ಷ ಇಲ್ಲ. ಎರಡು ವರ್ಷ ನೋಡಿ ಚಿಕ್ಕಪ್ಪ ಸಮ್ಮಟಿಗೆ ಹಿಡಿದು ಬೆಟ್ಟ ಹತ್ತಿದರು.

ಆಗಿನ ಕಲ್ಲಿನ ಕೆಲಸವನ್ನು ನಾನು ಹುಡುಗನಾಗಿ ನೋಡಿದ್ದೇನೆ. ಚಿಕ್ಕಪ್ಪನಿಗೆ ಊಟದ ಬುತ್ತಿ ಒಯ್ಯುವುದು ರಜೆಯ ದಿನಗಳಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಭೋವಿಗಳು. ಕಲ್ಲಿನ ನಾಡಿಯನ್ನು ತಲೆತಲಾಂತರದಿಂದ ಬಲ್ಲವರು. ಬಂಡೆಯ ಮೈಮೇಲೆ ಸೌದೆ ಒಟ್ಟಿ ಬೆಂಕಿ ಹಾಕುವರು. ಕಾದ ಬಂಡೆಯ ಪದರ ಎದ್ದಿತೊ ಇಲ್ಲವೊ ಎಂಬುದನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಸದ್ದಿನಿಂದಲೇ ತಿಳಿಯುವರು. ಎದ್ದ ಪದರದ ಮೇಲೆ ಉಳಿಯಿಂದ ಸಾಲಾಗಿ ಗುಳಿ ಮಾಡಿ, ಗುಳಿಗೊಂದು ಕಬ್ಬಿಣದ ಬೆಣೆಯಿಟ್ಟು, ಸಮ್ಮಟಿಗೆಯಿಂದ ಒಂದಾದ ಮೇಲೊಂದಕ್ಕೆ ಹದವಾಗಿ ಹೊಡೆದುಕೊಂಡು ಹೋದರೆ ಕಲ್ಲು ಗೀರು ಹಿಡಿದು ನೇರವಾಗಿ ಸೀಳುತ್ತಿತ್ತು. ಇವರಿಂದ ಚಿಕ್ಕಪ್ಪ ಕಸುಬು ಕಲಿತರು. ಒಕ್ಕಲಿನ ಮನೆಯವನು ಕಲ್ಲು ಒಡೆಯುವುದೆ ಎಂದು ಊರಲ್ಲಿ ನಾಲ್ಕು ಜನ ಆಡಿಕೊಂಡದ್ದೂ ಉಂಟು. ಆಡಿಕೊಂಡವರ ಮನೆಯ ತಳಪಾಯಕ್ಕೆ ಕಲ್ಲು ಬಂದದ್ದು ಅಲ್ಲಿಂದಲೇ ಎಂಬುದು ಬೇರೆ ಮಾತು.

ಮುಂದೆ ಕಂಪ್ರೆಸರು ಬಂತು, ಟ್ರ್ಯಾಕ್ಟರು ಬಂತು, ಕ್ರಷರು ಬಂತು. ಒಂದೊಂದೇ ಕಲ್ಲನ್ನು ಮಾತನಾಡಿಸಿ ಎಬ್ಬಿಸುತ್ತಿದ್ದ ಜಾಗದಲ್ಲಿ ಸಾಲಾಗಿ ಆಳದ ಕುಳಿ ಕೊರೆದು ಒಂದೇ ಸಲಕ್ಕೆ ಗುಡ್ಡದ ಪಕ್ಕೆಯನ್ನು ಉರುಳಿಸುವ ‘ಮೆಗ್ಗರ್’ ಬಂತು. ಚಿಕ್ಕಪ್ಪ ಸಮ್ಮಟಿಗೆ ಬಿಟ್ಟು ಕ್ರಷರಿನ ಬಳಿ ಮೇಸ್ತ್ರಿಯಾದರು. ನಾನು ಮಾನಸಗಂಗೋತ್ರಿಗೆ ಎಂ.ಎ. ಓದಲು ಹೋದ ವರ್ಷ ಕಬ್ಬಿನ ಬಾಕಿ ಹಣ ಅಪ್ಪನ ಕೈಸೇರಿರಲಿಲ್ಲ. ಶುಲ್ಕ ಕಟ್ಟುವ ಹಿಂದಿನ ದಿನ ರಾತ್ರಿ ಚಿಕ್ಕಪ್ಪ ಮನೆಗೆ ಬಂದು, ಧೂಳು ಮೆತ್ತಿದ ಅಂಗಿಯ ಜೇಬಿನಿಂದ ಮಡಿಸಿದ ನೋಟುಗಳನ್ನು ತೆಗೆದು ಕೊಟ್ಟರು. ಅಪ್ಪ ಸಂಕೋಚದಿಂದ ಏನೋ ಹೇಳಲು ಹೋದರು. “ಹೊಲ ಕೊಡದ ಕಾಸ ಬೆಟ್ಟ ಕೊಡ್ತದೆ, ತಕ್ಕೊ ಅಣ್ಣ” ಎಂದು ಚಿಕ್ಕಪ್ಪ ಅವರ ಬಾಯಿ ಕಟ್ಟಿದರು. ನಾನು ಇಂದು ತರಗತಿಯಲ್ಲಿ ನಿಂತು ಆಡುವ ಮಾತಿಗೆ ಮೂಲಧನ ಆ ನೋಟುಗಳು.

ಕೈ ಕೆಸರಾದರೆ ಬಾಯಿ ಮೊಸರೆಂದು ನಾವು ಹೇಳುತ್ತೇವೆ. ಕೆಸರು ತೊಳೆದರೆ ಹೋಗುತ್ತದೆ. ಕಲ್ಲಿನ ಧೂಳು ಕೈಗೆ ಮಾತ್ರ ಮೆತ್ತುವುದಿಲ್ಲ, ಉಸಿರಿನೊಡನೆ ಎದೆಗೂ ಇಳಿಯುತ್ತದೆ. ಚಿಕ್ಕಪ್ಪ ಕೊನೆಯ ಆರೇಳು ವರ್ಷ ಕೆಮ್ಮಿದರು. ಕ್ಷಯವೆಂದು ಒಂದು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಕೋರ್ಸು ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಸಿಲಿಕೋಸಿಸ್ ಎಂಬ ರೋಗವೊಂದಿದೆಯೆಂದೂ, ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆಂದೂ, ಅದನ್ನು ಕ್ಷಯವೆಂದು ತಪ್ಪು ತಿಳಿಯುವುದು ಸಾಮಾನ್ಯವೆಂದೂ, ಗುಣಪಡಿಸುವ ಮದ್ದು ಇಲ್ಲವೆಂದೂ ನಾನು ಓದಿ ತಿಳಿದುಕೊಂಡೆ. ತಿಳಿದುಕೊಳ್ಳುವ ಹೊತ್ತಿಗೆ ತಡವಾಗಿತ್ತು. ರಾಜಸ್ಥಾನದಲ್ಲಿ ಈ ರೋಗದವರಿಗಾಗಿ 2019ರಲ್ಲಿ ಒಂದು ಪ್ರತ್ಯೇಕ ನೀತಿಯನ್ನೇ ಮಾಡಿದ್ದಾರೆ. ಅಲ್ಲಿ ರೋಗಕ್ಕೆ ಒಂದು ಹೆಸರಾದರೂ ಸಿಕ್ಕಿದೆ. ಚಿಕ್ಕಪ್ಪನ ಕೆಮ್ಮಿಗೆ ಕೊನೆಯ ತನಕ ಹೆಸರಿರಲಿಲ್ಲ.

ಈಗ ಪ್ರಶ್ನೆಗೆ ಬರುತ್ತೇನೆ. ನೆಲವನ್ನು ಉತ್ತು ಉಣ್ಣುವುದಕ್ಕೂ ನೆಲವನ್ನು ಒಡೆದು ಉಣ್ಣುವುದಕ್ಕೂ ಧರ್ಮದಲ್ಲಿ ಭೇದವುಂಟೆ? ಉಂಟೆನ್ನುವುದು ನಮ್ಮ ಸಹಜವಾದ ಮನಸ್ಸು. ಉಳುವವನು ಅನ್ನದಾತ, ಒಡೆಯುವವನು ಭಕ್ಷಕ. ಈ ಮಾತನ್ನು ವೇದಿಕೆಯ ಮೇಲೆ ನಾನೂ ಆಡಿದ್ದೇನೆ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

ಭೇದವೇನೊ ಇದೆ. ಬತ್ತ ಕೊಯ್ದರೆ ಮುಂದಿನ ಹಂಗಾಮಿಗೆ ಮತ್ತೆ ಬರುತ್ತದೆ. ಬೆಟ್ಟ ಕೊಯ್ದರೆ ಬರುವುದಿಲ್ಲ. ಮೊದಲನೆಯದು ಬಡ್ಡಿಯಲ್ಲಿ ಬದುಕುವುದು, ಎರಡನೆಯದು ಅಸಲನ್ನೇ ತಿನ್ನುವುದು. ಇದನ್ನು ಅಲ್ಲಗಳೆಯಲು ನನ್ನಿಂದಾಗದು. ಆದರೆ ನಮ್ಮ ಬೇಸಾಯ ನಿಜವಾಗಿ ಬಡ್ಡಿಯಲ್ಲೇ ಬದುಕುತ್ತಿದೆಯೆ? ಅಪ್ಪನ ತರಿಯಲ್ಲಿ ತಗ್ಗಿನ ಮೂಲೆಯೊಂದಿದೆ. ವರ್ಷಗಟ್ಟಲೆ ನೀರು ನಿಲ್ಲಿಸಿ ನಿಲ್ಲಿಸಿ ಅಲ್ಲಿ ಚೌಳು ಎದ್ದಿದೆ; ಬೇಸಗೆಯಲ್ಲಿ ನೆಲದ ಮೇಲೆ ಉಪ್ಪು ಚೆಲ್ಲಿದಂತೆ ಬಿಳುಪು. ಆ ಮೂಲೆಯಲ್ಲಿ ಬತ್ತ ಬೆಳೆಯುವುದು ನಿಂತು ಬಹಳ ಕಾಲವಾಯಿತು. ಅದನ್ನು ನಾವು ಗಣಿಗಾರಿಕೆಯೆಂದು ಕರೆಯುವುದಿಲ್ಲ. ಊರಾಚೆಯ ಕೊಳವೆಬಾವಿಗಳು ವರ್ಷವರ್ಷಕ್ಕೂ ಆಳಕ್ಕೆ ಹೋಗಿ, ಯಾವುದೋ ಯುಗದಲ್ಲಿ ಇಂಗಿದ ನೀರನ್ನು ಎತ್ತುತ್ತವೆ, ಅದನ್ನೂ ಕರೆಯುವುದಿಲ್ಲ. ಆ ಬಾವಿಯ ಪಂಪು ತಿರುಗುವ ವಿದ್ಯುತ್ತಿನಲ್ಲಿ ಒಂದು ಪಾಲು ಕಲ್ಲಿದ್ದಲಿನದು. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ರಾಯಚೂರಿನ ಕೇಂದ್ರಕ್ಕೆ ಅದು ತೆಲುಗುನಾಡಿನ ಸಿಂಗರೇಣಿಯಿಂದಲೂ ಇನ್ನೆಲ್ಲಿಂದಲೊ ರೈಲಿನಲ್ಲಿ ಬರುತ್ತದೆ. ಅಲ್ಲಿಯೂ ಒಂದು ಕಾಲು ಹೊಲದಲ್ಲಿ, ಒಂದು ಕಾಲು ಗಣಿಯಲ್ಲಿ ಇಟ್ಟ ಮನೆಗಳಿರುತ್ತವೆ. ಆ ಮನೆಯವರ ವಂಶವೃಕ್ಷದಲ್ಲಿ ಯಾವ ಕಸುಬು ಬರೆದಿದ್ದಾರೆಂದು ನನಗೆ ಕುತೂಹಲ.

ಇನ್ನೂ ಹಿಂದಕ್ಕೆ ಹೋಗೋಣ. ಮಂಡ್ಯದವರಾದ ನಮಗೆ ಪತ್ರಿಕೆ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ಕಟ್ಟೆಯ ನೀರಿನ ಮಟ್ಟದ ಕಡೆಗೆ. 124.80 ಅಡಿ ಎಂಬ ಅಂಕಿ ನಮಗೆ ಗಾಯತ್ರಿ ಮಂತ್ರವಿದ್ದಂತೆ. ಆ ಕಟ್ಟೆಯನ್ನು ರೈತನಿಗಾಗಿ ಕಟ್ಟಿದರೆಂದು ನಾವು ತಿಳಿದಿದ್ದೇವೆ. ರೈತನಿಗಾಗಿಯೂ ಕಟ್ಟಿದರು ಎಂಬುದು ಸರಿಯಾದ ಮಾತು. ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮಳವಳ್ಳಿಯ ಗುಡಿಸಲಿಗೆ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೇಸಗೆಯಲ್ಲಿ ಕಾವೇರಿ ಬಡವಾದಾಗ ಆ ವಿದ್ಯುತ್ತೂ ಬಡವಾಗುತ್ತಿತ್ತು. ಗಣಿಗೆ ವರ್ಷವಿಡೀ ತಪ್ಪದೆ ವಿದ್ಯುತ್ತು ಕೊಡಬೇಕಾದರೆ ಮೇಲೆ ನೀರು ಕೂಡಿಡಬೇಕು. ಕನ್ನಂಬಾಡಿಯಲ್ಲಿ ಕಟ್ಟೆ ಬೇಕೆನ್ನುವುದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು, ಅದೂ ಸಣ್ಣದಲ್ಲ. ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ಬಂಡೆಯೇ ಬೆವರುವ ಸೆಕೆಯಲ್ಲಿ ದುಡಿದ ಕೂಲಿಯವರು ಯಾರೂ ನಮ್ಮ ಸೀಮೆಗೆ ಬಂದವರಲ್ಲ, ನಮ್ಮ ಗದ್ದೆಯನ್ನು ಕಂಡವರಲ್ಲ. ಆದರೂ ಅವರ ಗಣಿಯ ಹಸಿವು ನಮ್ಮ ಗದ್ದೆಯ ನೀರಿಗೆ ಒಂದು ದಾರಿ ಮಾಡಿತು. 2001ರಲ್ಲಿ ಆ ಗಣಿ ಮುಚ್ಚಿತು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಅಲ್ಲಿಯ ಬೂದುಬಣ್ಣದ ಸೈನೈಡ್ ದಿಬ್ಬಗಳನ್ನು ತೋರಿಸಿದೆ. ಗಾಳಿ ಎದ್ದಾಗ ದಿಬ್ಬದ ಪುಡಿ ಬೀದಿಗೆ ಬರುತ್ತದೆ. ನಮ್ಮ ಮಂಡ್ಯದ ಹುಡುಗನೊಬ್ಬ, “ಇದಕ್ಕೂ ನಮಗೂ ಏನ್ ಸಂಬಂಧ ಸಾರ್?” ಎಂದು ಕೇಳಿದ. ಬಸ್ಸಿನಲ್ಲಿ ಹಿಂದಿರುಗುವಾಗ ಹೇಳುತ್ತೇನೆಂದೆ. ಹೇಳಲಿಲ್ಲ, ಹುಡುಗರು ಹಾಡು ಹಾಕಿಕೊಂಡಿದ್ದರು.

ಇಷ್ಟು ಹೇಳಿದ ಮೇಲೆ, ಎಲ್ಲರ ಅನ್ನಕ್ಕೂ ಎಲ್ಲಿಯೋ ಒಂದು ಕಡೆ ಮದ್ದಿನ ವಾಸನೆಯಿದೆ, ಆದ್ದರಿಂದ ಯಾರೂ ಯಾರನ್ನೂ ಕೇಳುವಂತಿಲ್ಲ ಎಂಬ ತೀರ್ಮಾನಕ್ಕೆ ಬರಬಹುದು. ಬಹಳ ಜನ ಬರುತ್ತಾರೆ. ಬೆಟ್ಟದ ಗಣಿಯವರು ಆಡುತ್ತಿದ್ದ ಮಾತೂ ಇದೇ: ನಿಮ್ಮ ಮನೆಗೆ ಜಲ್ಲಿ ಬೇಡವೆ, ನಿಮ್ಮ ರಸ್ತೆಗೆ ಬೇಡವೆ, ಕಟ್ಟೆಯನ್ನೇ ಕಲ್ಲಿನಿಂದ ಕಟ್ಟಲಿಲ್ಲವೆ? ಈ ವಾದದಲ್ಲಿ ಒಂದು ಮೋಸವಿದೆ. ತಪ್ಪನ್ನು ಊರಿಗೆಲ್ಲ ಹಂಚಿದರೆ ಒಬ್ಬೊಬ್ಬರಿಗೆ ಬರುವ ಪಾಲು ಸಣ್ಣದಾಗಿ, ಕಡೆಗೆ ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ. ಹಂಚಿದ್ದರಿಂದ ತಪ್ಪು ಕರಗಿತೆ? ಕಟ್ಟೆಯನ್ನು ಕಟ್ಟಲು ಒಡೆದ ಬಂಡೆ, ಕಟ್ಟೆಯನ್ನು ಬಿರುಕುಗೊಳಿಸುವಂತೆ ಇಂದು ಒಡೆಯುವ ಬಂಡೆಗೆ ಅಪ್ಪಣೆಚೀಟಿಯಾಗಲಾರದು.

ಬಿರುಕಿನ ಭಯ ಬರಿಯ ಪುಕಾರಲ್ಲ. 2018ರ ಸೆಪ್ಟೆಂಬರಿನಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ಭಾರಿ ಸದ್ದೊಂದು ಕೇಳಿತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಕೃಷ್ಣರಾಜಸಾಗರದಲ್ಲಿಟ್ಟ ಕಂಪನಮಾಪಕವನ್ನು ನೋಡಿ, ಇದು ಕಲ್ಲುಗಣಿಯ ಸ್ಫೋಟವಿರಬೇಕೆಂದೂ ಅಣೆಕಟ್ಟೆಯ ಹಿತಕ್ಕಾಗಿ ಸುತ್ತಿನ ಗಣಿಗಾರಿಕೆಯನ್ನು ನಿಲ್ಲಿಸುವುದು ಒಳಿತೆಂದೂ ವರದಿ ಕೊಟ್ಟರು. 2022ರ ಜುಲೈನಲ್ಲಿ ಪರೀಕ್ಷಾರ್ಥ ಸ್ಫೋಟ ನಡೆಸಲು ವಿಜ್ಞಾನಿಗಳು ಬಂದಾಗ ರೈತರು ಅಡ್ಡ ನಿಂತರು. ವಿಜ್ಞಾನಿಗಳು ಬಂದದ್ದು ಧನಬಾದಿನಿಂದ. ಕಲ್ಲಿದ್ದಲಿನ ಸೀಮೆಯ ನಡುವಿನ ಊರು ಅದು. ಅದರ ಮಗ್ಗುಲಲ್ಲೇ ಇರುವ ಝರಿಯಾದಲ್ಲಿ ನೆಲದೊಳಗೆ ಹೊತ್ತಿಕೊಂಡ ಕಲ್ಲಿದ್ದಲಿನ ಬೆಂಕಿ ನೂರು ವರ್ಷಕ್ಕೂ ಮೇಲ್ಪಟ್ಟು ಆರದೆ ಉರಿಯುತ್ತಿದೆ, ಊರುಗಳ ನೆಲ ಕುಸಿಯುತ್ತಿದೆ. ಅಂಥ ನೆರೆಯಿಂದ ಬಂದವರು ನಮ್ಮ ಬೆಟ್ಟವನ್ನು ಸಿಡಿಸಿ ಅಳೆಯುವುದಕ್ಕೆ ನಿಂತದ್ದನ್ನು ನೆನೆದಾಗ ನನಗೆ ಏನೋ ಒಂದು ತರಹವಾಗುತ್ತದೆ. ಅದು ಅವರ ತಪ್ಪಲ್ಲ. ಕಡೆಗೆ 2024ರ ಜನವರಿಯಲ್ಲಿ ಕರ್ನಾಟಕದ ಹೈಕೋರ್ಟು ಅಣೆಕಟ್ಟೆಯಿಂದ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಆದೇಶ ಮಾಡಿತು.

ಆದೇಶ ಬಂದ ದಿನ ನಾನು ಸಂತೋಷಪಟ್ಟೆ. ಇಂದಿಗೂ ಅದು ಸರಿಯೆಂದೇ ನನ್ನ ಅಭಿಪ್ರಾಯ. ಆ ವಾರ ಊರಿಗೆ ಹೋಗಿದ್ದಾಗ ಚಿಕ್ಕಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಅವರ ಮಗ ಸಾಲ ಮಾಡಿ ಕೊಂಡ ಟಿಪ್ಪರು ಅಂಗಳದಲ್ಲಿ ನಿಂತಿತ್ತು. ನಾನು ಪತ್ರಿಕೆಯನ್ನು ಕೈಯಲ್ಲಿ ಹಿಡಿದಿದ್ದೆ. ಅವರು ಅದನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು. “ಕಟ್ಟೆ ಉಳೀಬೇಕು ಕಣ್ಲಾ ಮಗ, ನಮ್ಮ ತಾತ ಕಲ್ಲು ಹೊತ್ತಿರೋ ಕಟ್ಟೆ” ಎಂದರು. ಕೆಮ್ಮು ಬಂತು. ಸುಧಾರಿಸಿಕೊಂಡು, “ನಮ್ಮನ್ನ ಕಳ್ಳರು ಅಂತ ಮಾತ್ರ ಬರಿಬ್ಯಾಡಿ” ಎಂದರು. ‘ಬರಿಬ್ಯಾಡಿ’ ಎಂಬ ಬಹುವಚನ ನನ್ನನ್ನು ಚುಚ್ಚಿತು. ಬರೆಯುವವರ ಗುಂಪಿಗೆ ನನ್ನನ್ನು ಸೇರಿಸಿ, ತಾವು ಈಚೆ ನಿಂತಿದ್ದರು.

ಕಳ್ಳರು ಇರಲಿಲ್ಲವೆಂದಲ್ಲ. ಪರವಾನಗಿ ಇಲ್ಲದೆ ಒಡೆದವರಿದ್ದರು, ಗುಡ್ಡವನ್ನು ಲೆಕ್ಕಕ್ಕೆ ಸಿಕ್ಕದಂತೆ ಸಾಗಿಸಿದವರಿದ್ದರು. ಅವರ ಮನೆಗಳು ಮೈಸೂರಿನಲ್ಲಿವೆ, ಬೆಂಗಳೂರಿನಲ್ಲಿವೆ; ಧೂಳು ಅಲ್ಲಿಗೆ ತಲುಪುವುದಿಲ್ಲ. ಬೆಟ್ಟದ ಬುಡದ ಗುಡಿಸಲುಗಳಲ್ಲಿದ್ದ ಭೋವಿ ಜನ ಆದೇಶದ ಮರುತಿಂಗಳೇ ಪಾತ್ರೆಪಡಗ ಕಟ್ಟಿಕೊಂಡು ಎತ್ತಲೋ ಹೋದರು. ಎಲ್ಲಿಗೆಂದು ನಮ್ಮೂರಿನಲ್ಲಿ ಯಾರಿಗೂ ತಿಳಿಯದು. ನಮ್ಮ ಕೆರೆಯ ಏರಿಯ ಕಲ್ಲು, ಬಾವಿಯ ಕಲ್ಲು, ಮನೆಯ ಹೊಸ್ತಿಲಿನ ಕಲ್ಲು ಅವರ ಹಿರಿಯರು ಕೂರಿಸಿದ್ದು. ಅವರಲ್ಲೊಬ್ಬರ ಹೆಸರೂ ನಾನು ಬರೆದ ವಂಶವೃಕ್ಷದಲ್ಲಿ ಬರುವಂತಿಲ್ಲ, ರಕ್ತಸಂಬಂಧವಿಲ್ಲವಲ್ಲ. ಅನ್ನಸಂಬಂಧವನ್ನು ನಮ್ಮ ರೆವಿನ್ಯೂ ಇಲಾಖೆ ಒಪ್ಪುವುದಿಲ್ಲ.

ಅನ್ನಸಂಬಂಧವೆಂದೊಡನೆ ಭೀಷ್ಮನ ನೆನಪಾಗುತ್ತದೆ. ಕೌರವನ ಅನ್ನ ಉಂಡದ್ದರಿಂದ ಕಟ್ಟುಬಿದ್ದೆನೆಂದು ಹೇಳಿ ಅವನು ಅಧರ್ಮದ ಕಡೆ ನಿಂತ. ತರಗತಿಯಲ್ಲಿ ಈ ಪ್ರಸಂಗ ಬಂದಾಗಲೆಲ್ಲ ಹುಡುಗರು ಅವನನ್ನು ಬಯ್ಯುತ್ತಾರೆ, ನಾನೂ ಬಯ್ಯಲು ಬಿಡುತ್ತೇನೆ. ಈಗ ನನಗನ್ನಿಸುವುದೇನೆಂದರೆ, ಭೀಷ್ಮ ಅನ್ನದ ಮೂಲವನ್ನು ಅರ್ಧ ದಾರಿಯವರೆಗೆ ಮಾತ್ರ ಹುಡುಕಿದ. ಬಡಿಸಿದ ಕೈಯವರೆಗೆ ಹೋಗಿ ನಿಂತುಬಿಟ್ಟ. ಅರಮನೆಯ ಉಗ್ರಾಣಕ್ಕೆ ಬತ್ತ ತಂದು ಸುರಿದವರು ಯಾರೆಂದು ಅವನು ಕೇಳಿದ್ದರೆ ಋಣ ದುರ್ಯೋಧನನಿಗೆ ಸಲ್ಲತಕ್ಕದ್ದೊ ಹಸ್ತಿನಾವತಿಯ ಒಕ್ಕಲಿಗೆ ಸಲ್ಲತಕ್ಕದ್ದೊ ಎಂಬ ಪ್ರಶ್ನೆ ಬರುತ್ತಿತ್ತು. ಯುದ್ಧ ಬೇಡವೆಂದು ಒಕ್ಕಲು ಹೇಳುತ್ತಿತ್ತೋ ಏನೋ.

ಆದ್ದರಿಂದ ಅನ್ನದ ಮೂಲವನ್ನು ಹುಡುಕುವುದು ಪಾಪವನ್ನು ತೂಗುವುದಕ್ಕಲ್ಲ ಎಂದು ನಾನು ತಿಳಿಯುತ್ತೇನೆ. ಮುತ್ತಾತ ಪಾಪಿಯೆ, ಚಿಕ್ಕಪ್ಪ ಪಾಪಿಯೆ, ಅವರ ನೋಟಿನಿಂದ ಓದಿದ ನಾನು ಪಾಪಿಯೆ ಎಂದು ಕೂತರೆ ಅದು ಒಂದು ಬಗೆಯ ಚಪಲ, ಕೊರಗಿನಲ್ಲಿಯೂ ಸುಖವಿದೆ. ಹುಡುಕುವುದು ಯಾರಿಗೆ ಏನು ಕೊಡಬೇಕೆಂದು ತಿಳಿಯುವುದಕ್ಕೆ. ಪಾಪಕ್ಕೆ ಪ್ರಾಯಶ್ಚಿತ್ತವಿದೆ, ಗಂಗೆಯಲ್ಲಿ ಮುಳುಗಿದರೆ ಮುಗಿಯಿತು; ನಮಗಂತೂ ಶ್ರೀರಂಗಪಟ್ಟಣದ ಸಂಗಮ ಹತ್ತಿರದಲ್ಲೇ ಇದೆ. ಸಾಲ ಹಾಗಲ್ಲ. ಅದನ್ನು ಕೊಟ್ಟವನನ್ನೇ ಹುಡುಕಿಕೊಂಡು ಹೋಗಿ ತೀರಿಸಬೇಕು. ಬೆಟ್ಟವನ್ನು ನಿಲ್ಲಿಸಿದ್ದು ಸರಿ. ಬೆಟ್ಟದಲ್ಲಿ ಎದೆ ಕಳೆದುಕೊಂಡವರ ಲೆಕ್ಕವನ್ನು ಯಾರು ತೆಗೆದರು? ಕಟ್ಟೆಯ ನೀರುಂಡ ನಾವು, ಕಟ್ಟೆ ಉಳಿಯಲೆಂದು ಕೂಲಿ ಬಿಟ್ಟವರಿಗೆ ಒಂದು ಹಂಗಾಮಿನ ಬತ್ತವನ್ನಾದರೂ ಅಳೆದು ಕೊಟ್ಟೆವೆ? ನಾನು ಕೊಡಲಿಲ್ಲ. ಪತ್ರಿಕೆ ಓದಿ ಸಂತೋಷಪಟ್ಟೆ, ಅಷ್ಟೆ.

ಈ ಕಥೆ ಕಲ್ಲಿಗೇ ಮುಗಿಯುವಂತೆಯೂ ಕಾಣುವುದಿಲ್ಲ. ಕೃಷ್ಣರಾಜಪೇಟೆಯ ಕಡೆ ಬೆಳ್ಳಿಬೆಟ್ಟವೆಂಬ ಹೆಸರಿನ ಬೆಟ್ಟದಲ್ಲಿ ಹಿಂದಿನವರು ಚಿನ್ನ ಹುಡುಕಿದ ಗುಂಡಿಗಳಿವೆ. ಈಚೆಗೆ ಶ್ರೀರಂಗಪಟ್ಟಣದ ಕಡೆಯ ಮರಳಗಾಲ, ಅಲ್ಲಾಪಟ್ಟಣಗಳ ನೆಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದವರು ಲಿಥಿಯಂ ಹುಡುಕಿ, ಸುಮಾರು 1,600 ಟನ್ ಇರಬಹುದೆಂದು 2021ರಲ್ಲಿ ಅಂದಾಜು ಹೇಳಿದ್ದಾರೆ. ಹೊಗೆಯಿಲ್ಲದ ಮೋಟಾರು ಗಾಡಿಗಳಿಗೆ ಅದು ಬೇಕಂತೆ, ಕಲ್ಲಿದ್ದಲನ್ನು ಬಿಡಬೇಕಾದರೆ ಅದು ಬೇಕಂತೆ. ಬೇಕಾದ್ದೇ ಇರಬಹುದು. ಅಲ್ಲಿಯ ಹೊಲದ ಬದುವಿನ ಮೇಲೆ ಇಂದು ಎಮ್ಮೆ ಮೇಯಿಸುತ್ತಿರುವ ಹುಡುಗನಿಗೆ ಮುಂದೆ ಎರಡು ದಾರಿ ಒಟ್ಟಿಗೆ ತೆರೆಯಬಹುದು. ಮೇಲಿನ ಬೆಳೆ, ಕೆಳಗಿನ ಖನಿಜ. ಅವನ ತಮ್ಮನಿಗೆ ಯಾವ ಪಾಲು ಬರುತ್ತದೋ.

ವಂಶವೃಕ್ಷವನ್ನು ಸಹಿಗೆ ಕೊಡುವ ಮುಂಚೆ ಚಿಕ್ಕಪ್ಪನ ಮಗನನ್ನು ಕೂರಿಸಿಕೊಂಡು ಒಂದು ಸಲ ಓದಿ ಹೇಳಿದೆ. ಪ್ರಮಾಣಪತ್ರಕ್ಕೆ ಬಂದಾಗ ಲೇಖನಿ ಹಿಡಿದು, “ನಿಮ್ಮಪ್ಪನ ಕಸುಬು ಏನೂಂತ ಬರೀಲಪ್ಪ?” ಎಂದೆ. ಕಲ್ಲಿನ ಕೆಲಸವೆಂದು ಬರೆಯಬೇಕೆಂಬ ಆಸೆ ನನಗೆ. ಅಷ್ಟಾದರೂ ಆ ಮರದ ಮೇಲೆ ಇರಲೆಂದು. ಅವನು ಸ್ವಲ್ಪ ಹೊತ್ತು ಟಿಪ್ಪರಿನ ಕಡೆ ನೋಡಿದ. ಅದರ ಮೇಲೆ ಅವನ ಹೆಂಡತಿ ರಾಗಿಹುಲ್ಲು ಒಣಗಲು ಹರಡಿದ್ದಳು.

“ವ್ಯವಸಾಯ ಅಂತ್ಲೇ ಬರಿಯಣ್ಣ” ಎಂದ. “ಗಣಿ ಅಂತ ಇದ್ರೆ ಸುಮ್ನೆ ಕೇಳ್ತಾರೆ.”

ನಾನು ವ್ಯವಸಾಯವೆಂದು ಬರೆದೆ.